ಅತ್ತೆಯೊಡನೆ ಜಾಹೀರಾತು ಮೇಳಕ್ಕೆ

ನನ್ನ ದನಿ ಹೋಗಿದ್ದು ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ. ಮಹಡಿಯ ಮೇಲೆ ಶೀಟು ಹೊದಿಸಿದ ಉದ್ದನೆಯ ಕೋಣೆ, ಕೆಳಗೆ ಗ್ರಿಲ್ ಮಾಡುವ ಅಂಗಡಿ. ಕೆಳಗಿನವರು ಕಬ್ಬಿಣ ಕತ್ತರಿಸುತ್ತಿರುವಾಗಲೇ ನಾನು ಮೇಲೆ ಪಿಯುಸಿ ಮಕ್ಕಳಿಗೆ ಇಂಗ್ಲಿಷ್ ವ್ಯಾಕರಣ ಹೇಳಬೇಕಿತ್ತು. ಕಿರುಚಿಕೊಂಡೇ ಹೇಳುತ್ತಿದ್ದೆ. ಮೊದಮೊದಲು ಸಂಜೆಯಾದರೆ ಗಂಟಲು ಕಟ್ಟುತ್ತಿತ್ತು, ಆಮೇಲೆ ಬೆಳಿಗ್ಗೆ ಏಳುವಾಗಲೇ ಕಟ್ಟಿರುತ್ತಿತ್ತು. ಡಾಕ್ಟರು ಒಳಗೆ ಲೈಟು ಬಿಟ್ಟು ನೋಡಿ ಗಂಟು ಬೆಳೆದಿದೆ ಎಂದರು. ಆಪರೇಷನ್ ಆಯಿತು. ಗಂಟು ಹೋಯಿತು, ಅದರ ಜೊತೆಗೆ ದನಿಯ ಬಹುಪಾಲೂ ಹೋಯಿತು. ಉಳಿದದ್ದು ಒಂದು ಬಗೆಯ ಗಾಳಿಯ ಸದ್ದು. ಎದುರಿಗೆ ಕೂತವರಿಗೆ, ಅದೂ ಫ್ಯಾನು ನಿಲ್ಲಿಸಿದ್ದರೆ, ಕೇಳಿಸುವಷ್ಟು.

ಟ್ಯೂಷನ್ ಬಿಟ್ಟೆ. ಅಯ್ಯೋ ಪಾಪ ಎಂದವರೇ ಹೆಚ್ಚು. ನನಗೆ ಮಾತ್ರ ಮೊದಲ ಕೆಲವು ವಾರ ಎದೆಯ ಮೇಲಿನ ಭಾರ ಇಳಿದಂತಿತ್ತು. ಸಂಜೆಯಾಯಿತೆಂದರೆ ಚಪ್ಪಲಿ ಮೆಟ್ಟಿ ಓಡಬೇಕಾಗಿಲ್ಲ, ಯಾರಿಗೂ ಕಿರುಚಬೇಕಾಗಿಲ್ಲ. ಆದರೆ ಆ ಸುಖ ಬಹಳ ದಿನ ಉಳಿಯಲಿಲ್ಲ. ಓದಿದವಳು, ಇಷ್ಟು ವರ್ಷ ದುಡಿದವಳು, ಮನೆಯಲ್ಲಿ ಸುಮ್ಮನೆ ಕೂತರೆ ಮನಸ್ಸು ತನ್ನನ್ನೇ ತಿನ್ನಲು ಶುರುಮಾಡುತ್ತದೆ.

ನಮ್ಮ ಮನೆ ಜಯನಗರದ ಒಂಬತ್ತನೇ ಬ್ಲಾಕಿನಲ್ಲಿ. ನಾನು, ಬ್ಯಾಂಕಿನ ಕೆಲಸದಲ್ಲಿದ್ದ ನನ್ನ ಗಂಡ, ಮತ್ತು ಅತ್ತೆ. ಅತ್ತೆ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಹೇಳಿ, ಕೊನೆಗೆ ಹೆಡ್‌ಮಿಸ್ಟ್ರೆಸ್ ಆಗಿ ರಿಟೈರ್ ಆದವರು. ನೌಕರಿಯಲ್ಲಿರುವಾಗಲೇ ಅವರ ಕಿವಿ ಮಂದವಾಗುತ್ತ ಬಂದಿತ್ತು, ರಿಟೈರ್ ಆಗುವ ಹೊತ್ತಿಗೆ ಕುಕ್ಕರ್ ಕೂಗಿದ್ದೂ ಕೇಳಿಸುತ್ತಿರಲಿಲ್ಲ. ಕಿವಿ ಕೇಳದವರು ತಮ್ಮ ದನಿ ತಮಗೇ ಕೇಳಲಿ ಎಂದು ಜೋರಾಗಿ ಮಾತಾಡುತ್ತಾರಲ್ಲ, ಅತ್ತೆಯದೂ ಹಾಗೇ. ಅವರು ಅಡುಗೆಮನೆಯಲ್ಲಿ ನಿಂತು ಕೊತ್ತಂಬರಿ ಸೊಪ್ಪು ಮುಗಿದಿದೆ ಎಂದರೆ ಪಕ್ಕದ ಮನೆಯವರು ತಂದುಕೊಡುವಂತಿತ್ತು.

ಹೀಗೆ ಒಂದೇ ಸೂರಿನ ಕೆಳಗೆ ದನಿ ಏರಿಸಲಾರದ ಸೊಸೆ, ಕಿವಿ ಕೇಳದ ಅತ್ತೆ. "ನಿಮ್ಮಿಬ್ಬರ ಮಧ್ಯೆ ನಾನು ಪೋಸ್ಟ್‌ಮ್ಯಾನ್ ಆಗೋದೊಂದು ಬಾಕಿ" ಎಂದು ನನ್ನ ಗಂಡ ನಗುತ್ತಿದ್ದರು. ಅವರು ಪೋಸ್ಟ್‌ಮ್ಯಾನ್ ಆಗುವ ಅಗತ್ಯ ಬೀಳಲಿಲ್ಲ. ಅತ್ತೆ ನನ್ನ ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತರು. ಯಾರೂ ಕಲಿಸಿದ್ದಲ್ಲ. ದಿನವಿಡೀ ಮನೆಯಲ್ಲಿ ನಾವಿಬ್ಬರೇ, ಬೇರೆ ದಾರಿ ಇರಲಿಲ್ಲ.

"ನಿನ್ನ ಗಂಡ ಮಾತಾಡಿದ್ರೆ ಮೀಸೆ ಬಿಟ್ರೆ ಏನೂ ಅಲ್ಲಾಡಲ್ಲ. ನಿಂದು ಹಾಗಲ್ಲ, ಅಚ್ಚು ಹಾಕ್ದಂಗೆ ಕಾಣುತ್ತೆ" ಎನ್ನುತ್ತಿದ್ದರು.

ಅವರಿಗೆ ಹಿಯರಿಂಗ್ ಏಡ್ ಕೊಡಿಸಲು ಹೊರಟಾಗಲೇ ನನ್ನ ಮುಂದಿನ ಬದುಕಿನ ಬಾಗಿಲು ತೆರೆದದ್ದು. ಅಂಗಡಿಯವನು ಒಂದು ಕೊಟ್ಟ, ಅದು ಸಿಳ್ಳೆ ಹೊಡೆಯಿತು. ಇನ್ನೊಂದು ಕೊಟ್ಟ, ಅದರ ಬ್ಯಾಟರಿಯ ಪುಟ್ಟ ಬಾಗಿಲು ಅತ್ತೆಯ ಬಿಗಿದ ಬೆರಳಿಗೆ ತೆರೆಯಲೇ ಇಲ್ಲ. ಕೇಳಿದರೆ ಅವನಿಗೆ ಉತ್ತರ ಗೊತ್ತಿಲ್ಲ. ಆಗಷ್ಟೇ ಮನೆಗೆ ಇಂಟರ್ನೆಟ್ ಬಂದಿತ್ತು, ಅದನ್ನು ಹಾಕಿದರೆ ಫೋನ್ ಎಂಗೇಜ್ ಆಗುತ್ತಿದ್ದ ಕಾಲ. ಮಧ್ಯಾಹ್ನ ಯಾರ ಫೋನೂ ಬಾರದ ಹೊತ್ತಿನಲ್ಲಿ ಕೂತು ಹುಡುಕಿದೆ, ಓದಿದೆ. ಕಿವಿಗೆ ಸರಿಯಾಗಿ ಕೂರದಿದ್ದರೆ ಸಿಳ್ಳೆ ಬರುತ್ತದೆ, ಬೆವರು ಒಳಗಿಳಿದರೆ ಹೀಗೆ ಒಣಗಿಸಬೇಕು, ವಯಸ್ಸಾದವರ ಬೆರಳಿಗೆ ಇಂಥ ಮಾದರಿ ಒಳ್ಳೆಯದು. ಅತ್ತೆಗೂ ಕೊನೆಗೆ ಅಂಥದೊಂದು ತರಿಸಿದೆ, ಹೊರಗೆ ಹೋಗುವಾಗ ಮಾತ್ರ ಹಾಕುತ್ತಿದ್ದರು. ಕಲಿತದ್ದನ್ನೆಲ್ಲ ಪಾಠ ಹೇಳುವ ಅಭ್ಯಾಸಬಲದಿಂದ ಇಂಗ್ಲಿಷಿನಲ್ಲಿ ಬರೆದು ಇಂಟರ್ನೆಟ್ಟಿನಲ್ಲಿ ಒಂದು ಪುಟ ಮಾಡಿ ಹಾಕಿದೆ. ಆ ಪುಟ ಬೆಳೆಯುತ್ತ ಹೋಗಿ ಒಂದು ಸೈಟೇ ಆಯಿತು. ಎಲ್ಲೆಲ್ಲಿಂದಲೋ ಜನ ಪ್ರಶ್ನೆ ಕಳಿಸತೊಡಗಿದರು. ಟೈಪು ಮಾಡಿ ಉತ್ತರಿಸುತ್ತಿದ್ದೆ. ನನ್ನ ದನಿ ಹೇಗಿದೆ ಎಂದು ಅವರಲ್ಲಿ ಯಾರಿಗೂ ಗೊತ್ತಾಗುವಂತಿರಲಿಲ್ಲ.

ಓದುವವರು ಹೆಚ್ಚಿದ ಮೇಲೆ ತಿಳಿದದ್ದು, ಇದೇ ಒಂದು ಕಸುಬೂ ಆಗಬಹುದು ಎಂಬುದು. ನನ್ನ ಪುಟದಲ್ಲಿ ಒಂದು ಅಂಗಡಿಯ ಲಿಂಕ್ ಹಾಕುವುದು, ಓದಿದವರು ಅದನ್ನು ಒತ್ತಿ ಆ ಅಂಗಡಿಯಲ್ಲಿ ಕೊಂಡರೆ ಅಂಗಡಿಯವರು ನನಗೊಂದು ಪಾಲು ಕೊಡುವುದು. ಇದಕ್ಕೆ ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಹೆಸರು. ಅಂಗಡಿಗೂ ನನಗೂ ನಡುವೆ ಇನ್ನೊಂದು ಕಂಪನಿ ಇರುತ್ತಿತ್ತು, ಇಂಥ ಸಾವಿರಾರು ಸೈಟುಗಳನ್ನೂ ಅಂಗಡಿಗಳನ್ನೂ ಜೋಡಿಸುವುದು ಅವರ ಕೆಲಸ. ನನಗೆ ಸಿಕ್ಕ ಅಂಗಡಿ ಕೆನಡಾದ್ದು. ನಡುವಿನ ಕಂಪನಿಯಿಂದ ನನ್ನನ್ನು ನೋಡಿಕೊಳ್ಳಲು ಒಬ್ಬ ಮ್ಯಾನೇಜರ್ ಇದ್ದರು, ಚಾಟ್‌ನಲ್ಲಿ ಮಾತ್ರ. ಅಪ್ಪಟ ಇಂಗ್ಲಿಷ್ ಹೆಸರು, ಗಂಜಿ ಹಾಕಿ ಇಸ್ತ್ರಿ ಮಾಡಿದಂಥ ಇಂಗ್ಲಿಷು. ಎಲ್ಲೋ ದೂರದೇಶದ ಗಾಜಿನ ಕಟ್ಟಡದಲ್ಲಿ ಕೋಟು ಹಾಕಿಕೊಂಡು ಕೂತ ಹೆಂಗಸೊಬ್ಬಳನ್ನು ನಾನು ಮನಸ್ಸಿನಲ್ಲಿ ಮಾಡಿಕೊಂಡಿದ್ದೆ. ಅವಳಿಗೆ ಉತ್ತರಿಸುವಾಗ ನನಗೇ ತಿಳಿಯದಂತೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದೆ.

ಆ ಕಾಲದಲ್ಲಿ ನಮ್ಮ ಊರಿನಲ್ಲೂ ಆನ್‌ಲೈನ್ ಜಾಹೀರಾತಿನ ಮೇಳಗಳು ಶುರುವಾದವು. ದೊಡ್ಡ ಹೋಟೆಲಿನ ಹಾಲಿನಲ್ಲಿ ಕಂಪನಿಗಳು ಮಳಿಗೆ ಹಾಕುತ್ತಿದ್ದವು, ನನ್ನಂಥವರು ಹೋಗಿ ಪರಿಚಯ ಮಾಡಿಕೊಳ್ಳಬೇಕು ಎಂಬ ಲೆಕ್ಕ. ಮೊದಲ ವರ್ಷ ಒಬ್ಬಳೇ ಹೋದೆ. ಒಳಗೆ ಕಾಲಿಟ್ಟೊಡನೆ ಸ್ಪೀಕರುಗಳ ಹಾಡು, ಮೈಕಿನಲ್ಲಿ ಯಾರದೋ ಭಾಷಣ, ಅದರ ಮೇಲೆ ನೂರಾರು ಜನರ ಗದ್ದಲ. ಒಂದು ಮಳಿಗೆಯಲ್ಲಿ ಟೈ ಕಟ್ಟಿದ ಯುವಕನೊಬ್ಬ, ನಿಮ್ಮ ಸೈಟು ಯಾವುದರ ಬಗ್ಗೆ ಎಂದು ಕೇಳಿದ. ಹೇಳಿದೆ. ಅವನು ಕಿವಿ ಮುಂದೆ ತಂದ. ಮತ್ತೆ ಹೇಳಿದೆ. ಮತ್ತೊಮ್ಮೆ "ಸಾರಿ ಮೇಡಂ?" ಎಂದ. ಕೊನೆಗೆ ನಗುತ್ತಲೇ ಒಂದು ಪೆನ್ನು ಕೊಟ್ಟು ಹಿಂದಿದ್ದವರ ಕಡೆ ತಿರುಗಿದ. ಅವನದು ತಪ್ಪಿಲ್ಲ. ನಾನು ಒಂದು ಸುತ್ತು ಹಾಕಿ, ಯಾರ ಜೊತೆಗೂ ಒಂದು ಮಾತು ಆಡದೆ, ಬನಶಂಕರಿ ಬಸ್ಸು ಹತ್ತಿ ಬಂದೆ. ಮನೆಯಲ್ಲಿ ಕೇಳಿದ್ದಕ್ಕೆ, ಚೆನ್ನಾಗಿತ್ತು ಎಂದೆ.

ಇನ್ನು ಇಂಥ ಕಡೆ ಹೋಗುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ವರ್ಷದ ಮಳೆಗಾಲದಲ್ಲಿ ಬಂದ ತೊಂದರೆ ನನ್ನನ್ನು ಮತ್ತೆ ಅಲ್ಲಿಗೆ ಹೊರಡಿಸಿತು.

ಒಬ್ಬ ಹಳೆಯ ಓದುಗರಿದ್ದರು. ರೈಲ್ವೆಯಲ್ಲಿ ಕೆಲಸ ಮಾಡಿ ನಿವೃತ್ತರಾದ, ಕೆನಡಾದ ಯಾವುದೋ ಸಣ್ಣ ಊರಿನ ಮುದುಕರು. ಹೆಂಡತಿಯ ಕಿವಿಗಾಗಿ ಎರಡು ವರ್ಷದಿಂದ ನನಗೆ ಪ್ರಶ್ನೆ ಕಳಿಸುತ್ತಿದ್ದರು. ಎಲ್ಲ ವಿಚಾರಿಸಿ, ನಾನು ಹೇಳಿದ ಮಾದರಿಯನ್ನೇ, ನನ್ನ ಲಿಂಕಿನ ಅಂಗಡಿಯಿಂದಲೇ ತರಿಸಲು ಆರ್ಡರ್ ಮಾಡಿದ್ದರು. ಅವರಿಂದ ಒಂದು ಈಮೇಲ್ ಬಂತು. ದುಡ್ಡು ಕಟ್ಟಿ ಬಹಳ ದಿನವಾಯಿತು, ವಸ್ತು ಬಂದಿಲ್ಲ, ಅಂಗಡಿಗೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ, ನೀವು ವಿಚಾರಿಸಬಲ್ಲಿರಾ ಎಂದು. ಸಿಟ್ಟಿನ ಮಾತು ಒಂದೂ ಇರಲಿಲ್ಲ. ಕೊನೆಯಲ್ಲಿ, ನನ್ನ ಹೆಂಡತಿ ಈಗ ಮೊಮ್ಮಕ್ಕಳ ಫೋನ್ ಬಂದರೆ ಎದ್ದು ಬೇರೆ ಕೋಣೆಗೆ ಹೋಗಿಬಿಡುತ್ತಾಳೆ ಎಂದು ಬರೆದಿದ್ದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ಅದರ ಹಿಂದೆಯೇ ಇನ್ನೂ ಕೆಲವರು ಅದೇ ದೂರು ಬರೆದರು. ನಾನು ಮ್ಯಾನೇಜರಿಗೆ ಚಾಟ್‌ನಲ್ಲಿ ಬರೆದೆ. ಉತ್ತರವಿಲ್ಲ. ಈಮೇಲ್ ಮಾಡಿದೆ. ಅದಕ್ಕೂ ಇಲ್ಲ. ವರ್ಷಗಳಿಂದ ಒಂದೇ ದಿನದಲ್ಲಿ ಉತ್ತರಿಸುತ್ತಿದ್ದವರು ಗಾಳಿಯಲ್ಲಿ ಕರಗಿಹೋದ ಹಾಗೆ. ಅಂಗಡಿಯ ಲಿಂಕುಗಳನ್ನೆಲ್ಲ ಅಂದೇ ತೆಗೆದು, ಸದ್ಯಕ್ಕೆ ಅಲ್ಲಿ ಯಾರೂ ಕೊಳ್ಳಬೇಡಿ ಎಂದು ಸೈಟಿನ ತಲೆಯ ಮೇಲೆ ಬರೆದೆ. ಆದರೆ ಆಗಲೇ ಕೊಂಡಿದ್ದವರು? ನನ್ನ ಮಾತು ನಂಬಿ ಮೋಸಗಾರರ ಕೈಗೆ ಬಿದ್ದರೇನೋ ಎಂಬ ಭಯ ಹಿಡಿಯಿತು. ನಾನು ಮುಖವನ್ನೇ ನೋಡಿರದ ಆ ಮ್ಯಾನೇಜರು ನಿಜಕ್ಕೂ ಇದ್ದಾಳೋ ಇಲ್ಲವೋ ಎಂಬ ಅನುಮಾನವೂ ಬಂತು.

ಅತ್ತೆಗೆ ಮೊದಲು ಗೊತ್ತಾದದ್ದು ಊಟದಲ್ಲಿ.

"ಏನಾಗಿದೆ ನಿಂಗೆ? ನಿನ್ನೆ ಹುಳಿಗೆ ಉಪ್ಪಿಲ್ಲ, ಇವತ್ತು ಬೇಳೇನೇ ಇಲ್ಲ."

ಅವರ ಎದುರಿಗೆ ಕೂತು ಎಲ್ಲ ಹೇಳಿದೆ. ನನ್ನ ತುಟಿಯ ಮೇಲಿಂದ ಕಣ್ಣು ತೆಗೆಯದೆ ಕೊನೆಯವರೆಗೂ ನೋಡಿದರು. ಲೆಕ್ಕ ತಪ್ಪಿದ ಹುಡುಗಿಯ ಸ್ಲೇಟು ನೋಡುವ ಮುಖ.

"ಅಂಗಡಿ ಕೆನಡಾದಲ್ಲಿದೆ, ಅಲ್ಲಿಗೆ ಹೋಗಕ್ಕಾಗಲ್ಲ. ಸರಿ. ಆ ಮಧ್ಯದ ಕಂಪ್ನಿ ಎಲ್ಲಿದೆ?"

"ಗೊತ್ತಿಲ್ಲ ಅತ್ತೆ. ಆದ್ರೆ ಮುಂದಿನ ವಾರ ಇಲ್ಲಿ ಮೇಳ ಇದೆಯಲ್ಲ, ಅದ್ರಲ್ಲಿ ಅವರ ಮಳಿಗೆ ಇರುತ್ತೆ ಅಂತ ಹಾಕಿದ್ದಾರೆ."

"ಮತ್ತೆ? ಹೋಗಿ ಕೇಳು."

"ನನ್ನ ದನಿ ಅಲ್ಲಿ ಯಾರಿಗೂ ಕೇಳ್ಸಲ್ಲ."

"ನಂದು ಕೇಳ್ಸುತ್ತೆ" ಎಂದರು ಅತ್ತೆ, ತಟ್ಟೆಯಲ್ಲಿ ಕೈ ತೊಳೆದುಕೊಂಡು.

ತಮಾಷೆಗೆ ಎಂದುಕೊಂಡಿದ್ದೆ. ಮೇಳದ ದಿನ ಬೆಳಿಗ್ಗೆ ನೋಡಿದರೆ, ಇನ್ಸ್‌ಪೆಕ್ಷನ್ ದಿನಗಳಿಗೆಂದು ಇಟ್ಟುಕೊಂಡಿದ್ದ ಬೂದುಬಣ್ಣದ ಮೈಸೂರು ರೇಷ್ಮೆ ಸೀರೆ ಉಟ್ಟು, ವಾಚು ಕಟ್ಟಿ, ಪರ್ಸು ಹಿಡಿದು ಬಾಗಿಲಲ್ಲಿ ನಿಂತಿದ್ದರು. ಆಟೋ ಹಿಡಿದೆವು. ಹೋಟೆಲು ಊರಿನ ಆ ಕೊನೆಯಲ್ಲಿ. ದಾರಿಯುದ್ದಕ್ಕೂ ತಾವು ಏನೇನು ಕೇಳಬೇಕು ಎಂದು ಅವರು ನನ್ನಿಂದ ಒಪ್ಪಿಸಿಕೊಂಡರು. ಆಟೋದವನು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. ಒಬ್ಬರು ಕೂಗುತ್ತಿದ್ದಾರೆ, ಇನ್ನೊಬ್ಬರು ಬರೀ ಬಾಯಾಡಿಸುತ್ತಿದ್ದಾರೆ. ಅವನೇನು ತಿಳಿದನೋ.

ಬಾಗಿಲಲ್ಲಿ ಹೆಸರು ಬರೆಸಿಕೊಂಡು ಕುತ್ತಿಗೆಗೆ ನೇತುಹಾಕುವ ಕಾರ್ಡು ಕೊಡುತ್ತಿದ್ದರು. ನನ್ನ ಕಾರ್ಡಿನಲ್ಲಿ ಹೆಸರಿನ ಕೆಳಗೆ ಸೈಟಿನ ಹೆಸರು. ಅತ್ತೆಯ ಸರದಿ ಬಂದಾಗ, ಕೂತಿದ್ದ ಹುಡುಗ ಕಂಪನಿ ಯಾವುದು ಎಂದ. ನಾನು ಅತ್ತೆಯ ಕಡೆ ತಿರುಗಿ ಆ ಪ್ರಶ್ನೆಯನ್ನು ತುಟಿಯಲ್ಲೇ ಹೇಳಿದೆ.

"ರಿಟೈರ್ಡ್ ಹೆಡ್‌ಮಿಸ್ಟ್ರೆಸ್ ಅಂತ ಬರ್ಕೊಳ್ಳಪ್ಪ" ಎಂದರು.

ಅವನು ಸುತ್ತ ಒಮ್ಮೆ ನೋಡಿ, ಹಾಗೆಯೇ ಟೈಪು ಮಾಡಿ ಕೊಟ್ಟ.

ಒಳಗೆ ಹೋದ ಕೂಡಲೇ ಅತ್ತೆ ಮುಖ ಕಿವುಚಿದರು. ಹಿಯರಿಂಗ್ ಏಡ್‌ಗೆ ಗದ್ದಲವೇ ಶತ್ರು, ಬೇಕಾದ ಮಾತನ್ನೂ ಬೇಡದ ಸದ್ದನ್ನೂ ಒಂದೇ ಸಮ ಎತ್ತಿ ಕಿವಿಗೆ ಸುರಿಯುತ್ತದೆ. ಅದನ್ನು ತೆಗೆದು ಕರ್ಚೀಫಿನಲ್ಲಿ ಸುತ್ತಿ ಪರ್ಸಿಗೆ ಹಾಕಿದರು.

"ಈಗ ಆರಾಮಾಯ್ತು ನೋಡು. ಲೈಬ್ರರಿ ಇದ್ದಂಗಿದೆ."

ಆ ಇಡೀ ಹಾಲಿನಲ್ಲಿ ನೆಮ್ಮದಿಯಾಗಿದ್ದವರು ಅವರೊಬ್ಬರೇ. ಎಲ್ಲರೂ ಒಬ್ಬರ ಕಿವಿಗೆ ಒಬ್ಬರು ಬಾಯಿ ಇಟ್ಟು ಕೂಗುತ್ತಿದ್ದರು. ಅತ್ತೆ ಸೀರೆಯ ನೆರಿಗೆ ಸರಿಮಾಡಿಕೊಂಡು, ಬಣ್ಣಬಣ್ಣದ ಮಳಿಗೆಗಳನ್ನು ನೋಡುತ್ತ, ವಸ್ತುಪ್ರದರ್ಶನಕ್ಕೆ ಬಂದವರಂತೆ ನಡೆದರು. ಒಂದು ಕಡೆ ನಿಂತು, "ಇಲ್ಲಿ ಮಾರಕ್ಕೆ ಸಾಮಾನೇ ಇಲ್ವಲ್ಲೇ" ಎಂದು ಆಶ್ಚರ್ಯಪಟ್ಟರು. ಆ ಮಾತು ಅಕ್ಕಪಕ್ಕದ ಮಳಿಗೆಗಳಿಗೆಲ್ಲ ಕೇಳಿಸಿತು. ಇಬ್ಬರು ನಕ್ಕರು.

ನಮಗೆ ಬೇಕಾದ ಮಳಿಗೆ ಮೂಲೆಯಲ್ಲಿತ್ತು. ಒಂದೇ ಬಣ್ಣದ ಟೀ ಶರ್ಟು ಹಾಕಿದ ನಾಲ್ಕೈದು ಮಂದಿ ಇದ್ದರು. ಮುಂದೆ ನಿಂತ ಯುವಕ ನಗುಮುಖದಿಂದ ಏನು ಬೇಕು ಎಂದು ಕೇಳಿದ. ನಾನು ಅತ್ತೆಯ ಕಡೆ ತಿರುಗಿದೆ. ಅವರು ನನ್ನ ತುಟಿ ನೋಡಿದರು, ಆಮೇಲೆ ಅವನನ್ನು ನೋಡಿದರು, ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಗೆ ಮಾತಾಡುತ್ತಿದ್ದ ದನಿಯಲ್ಲಿ ಇಂಗ್ಲಿಷಿನಲ್ಲಿ ಶುರುಮಾಡಿದರು. ನನ್ನ ಸೊಸೆ ನಿಮ್ಮ ಕಂಪನಿಯ ಮೂಲಕ ಒಂದು ಅಂಗಡಿಯ ಜಾಹೀರಾತು ಹಾಕಿದ್ದಾಳೆ, ಅವಳನ್ನು ನಂಬಿ ಜನ ಅಲ್ಲಿ ದುಡ್ಡು ಕೊಟ್ಟಿದ್ದಾರೆ, ಸಾಮಾನು ಬಂದಿಲ್ಲ, ನಿಮ್ಮವರು ಉತ್ತರ ಕೊಡುತ್ತಿಲ್ಲ, ಏಕೆ?

ಯುವಕ ಗಾಬರಿಯಿಂದ, ಇದು ಹೊಸಬರನ್ನು ಸೇರಿಸಿಕೊಳ್ಳುವ ಜಾಗ, ದೂರುಗಳಿದ್ದರೆ ಈಮೇಲ್ ಮಾಡಿ ಎಂದ. ಅತ್ತೆಗೆ ಅದು ಕೇಳಿಸಲಿಲ್ಲ. ಅದೇ ಒಳ್ಳೆಯದಾಯಿತು. ಅವನು ಹೇಳುತ್ತಲೇ ಇದ್ದ, ಅತ್ತೆ ಪಾಡಿಗೆ ಅತ್ತೆ ಮುಂದುವರಿಸುತ್ತಲೇ ಇದ್ದರು. ಮಧ್ಯೆ ಬಾಯಿ ಹಾಕಿ ಅವರನ್ನು ನಿಲ್ಲಿಸುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಪಕ್ಕದ ಮಳಿಗೆಯವರು ಮಾತು ನಿಲ್ಲಿಸಿ ಈಚೆ ಬಂದು ನೋಡಿದರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಎಷ್ಟೋ ವರ್ಷಗಳ ಮೇಲೆ ನಾನು ಹೇಳಬೇಕೆಂದ ಮಾತು ಒಂದು ದೊಡ್ಡ ಹಾಲಿನ ಕೊನೆಯವರೆಗೂ ಹೋಗಿ ಮುಟ್ಟುತ್ತಿತ್ತು.

ಆಗ ಮಳಿಗೆಯ ಹಿಂಭಾಗದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದ ಒಬ್ಬಳು ಎದ್ದು ಬಂದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ. ನನ್ನ ಕುತ್ತಿಗೆಯ ಕಾರ್ಡನ್ನು ಕೈಯಲ್ಲಿ ಹಿಡಿದು ಓದಿದಳು. ಕಣ್ಣು ಅಗಲವಾಯಿತು.

"ಮೇಡಂ, ಈ ಸೈಟ್ ನಿಮ್ದ ಏನ್ರಿ?"

ತಲೆಯಾಡಿಸಿದೆ. ಅವಳು ತನ್ನ ಎದೆ ಮುಟ್ಟಿಕೊಂಡು ಒಂದು ಹೆಸರು ಹೇಳಿದಳು. ಅದೇ ಇಂಗ್ಲಿಷ್ ಹೆಸರು.

ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಎರಡು ವರ್ಷಕ್ಕೂ ಹೆಚ್ಚು ಕಾಲ ಒಬ್ಬರಿಗೊಬ್ಬರು ಬಿಗಿದ ಇಂಗ್ಲಿಷಿನಲ್ಲಿ ಬರೆದುಕೊಂಡವರು. ಇದ್ದಾಳೆ, ನನ್ನ ಮ್ಯಾನೇಜರು ನಿಜಕ್ಕೂ ಇದ್ದಾಳೆ, ಜಡೆ ಹಾಕಿಕೊಂಡು ಎದುರಿಗೇ ನಿಂತಿದ್ದಾಳೆ ಎಂಬುದೇ ನನಗೆ ಅರ್ಧ ಸಮಾಧಾನ ತಂದಿತು.

"ನಾ ನೀವು ಯಾರೋ ವಯಸ್ಸಾದ ಡಾಕ್ಟ್ರು ಅಂತ ತಿಳ್ಕೊಂಡಿದ್ದೆ ನೋಡ್ರಿ. ಅಷ್ಟು ಶಿಸ್ತಾಗಿ ಬರೀತಿದ್ರಿ" ಎಂದಳು. ಆಮೇಲೆ ಗದ್ದಲದ ಕಡೆ ಕೈ ತೋರಿಸಿ, "ಇಲ್ಲಿ ಬ್ಯಾಡ, ಹೊರಗ ಬರ್ರಿ" ಎಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು.

ಹಾಲಿನ ಹಿಂದೆ, ಅಡುಗೆಮನೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಅಂಗಳವಿತ್ತು. ಬಾಗಿಲು ಮುಚ್ಚಿದ ಕೂಡಲೇ ಸದ್ದೆಲ್ಲ ಕತ್ತರಿಸಿದ ಹಾಗೆ ನಿಂತಿತು. ಅಲ್ಲಿ ನನ್ನ ದನಿ ಕೇಳಿಸಿತು. ಅವಳು ಹತ್ತಿರ ಬಂದು, ಒಂದು ಸಲವೂ "ಏನಂದ್ರಿ" ಎನ್ನದೆ ಎಲ್ಲ ಕೇಳಿಸಿಕೊಂಡಳು.

ಆದದ್ದು ಇಷ್ಟು. ಅವಳ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡಿತ್ತು. ಹಳೆಯ ಚಾಟು, ಹಳೆಯ ಈಮೇಲ್ ಎಲ್ಲ ಒಂದೇ ದಿನ ಮುಚ್ಚಿ, ಹೊಸ ವಿಳಾಸಗಳನ್ನು ಕೊಟ್ಟಿದ್ದರು. ಆ ಸುದ್ದಿ ನನ್ನಂಥ ಸಣ್ಣ ಸೈಟಿನವರಿಗೆ ಯಾರೂ ತಿಳಿಸಿರಲಿಲ್ಲ. ನಾನು ಬರೆದದ್ದೆಲ್ಲ ಯಾರೂ ತೆರೆಯದ ಡಬ್ಬಿಗೆ ಹೋಗಿ ಬೀಳುತ್ತಿತ್ತು. ನಾನೇ ಕೆಲಸ ಬಿಟ್ಟಿರಬೇಕು ಎಂದು ಅವಳು ತಿಳಿದಿದ್ದಳು. ಇನ್ನು ಆ ಅಂಗಡಿ, ಅವಳಿಗೆ ಗೊತ್ತಿದ್ದಂತೆ, ಗೋಡೌನನ್ನು ಬೇರೆ ಊರಿಗೆ ಸಾಗಿಸುತ್ತಿತ್ತು.

"ಅವ್ರು ಕಳ್ಳರಲ್ರಿ ಮೇಡಂ. ಆದ್ರ ನಾ ಬರೇ ಬಾಯಿಲೆ ಹೇಳಿದ್ರ ನೀವು ಯಾಕ ನಂಬಬೇಕು? ನಾ ಖರೇ ಏನದ ಅಂತ ವಿಚಾರಿಸ್ತೀನಿ. ಈಗ ಅಲ್ಲಿ ಎಲ್ಲಾರೂ ಮಲ್ಕೊಂಡಿರ್ತಾರ. ನಾಳಿ ನಿಮಗ ಫೋನ್ ಮಾಡ್ಲಿ?"

ಫೋನಿನಲ್ಲಿ ನನ್ನ ದನಿ ಇನ್ನೂ ಕೆಡುತ್ತದೆ ಎಂದೆ.

"ಹಂಗಾರ ಮನೀಗೇ ಬರ್ತೀನಿ. ಎಲ್ಲಿ ಇರ್ತೀರಿ?"

ಜಯನಗರ ಒಂಬತ್ತನೇ ಬ್ಲಾಕ್ ಎಂದೆ. ಅವಳು ಹಣೆ ಹಣೆ ಬಡಿದುಕೊಂಡು ನಕ್ಕಳು.

"ಅಯ್ಯ, ನಾ ಸುದ್ದಗುಂಟೆಪಾಳ್ಯದಾಗ ರೂಮ್ ಮಾಡ್ಕೊಂಡು ಇದ್ದೀನ್ರಿ! ನಡ್ಕೊಂತ ಬಂದ್ರೂ ಬರಬಹುದು."

ಕೋಟು ಹಾಕಿದ ಹೆಂಗಸು, ಗಾಜಿನ ಕಟ್ಟಡ, ದೂರದೇಶ ಎಲ್ಲ ಅಲ್ಲೇ ಕುಸಿದುಬಿದ್ದವು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಯಾರಿಗೆ ಬರೆಯುತ್ತಿದ್ದೆನೋ ಅವಳು ನಾನು ತರಕಾರಿ ಕೊಳ್ಳುವ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲೇ ತರಕಾರಿ ಕೊಳ್ಳುತ್ತಿದ್ದಳು. ಎಷ್ಟು ಸಲ ಪಕ್ಕಪಕ್ಕದಲ್ಲಿ ನಿಂತು ಬದನೆಕಾಯಿ ಆರಿಸಿದ್ದೆವೋ.

ಮರುದಿನ ಸಂಜೆ ಅವಳು ಹಳೆಯ ಸ್ಕೂಟಿಯಲ್ಲಿ ಬಂದಳು. ನಾನು ಮಧ್ಯಾಹ್ನದಿಂದಲೇ ಗೇಟಿನ ಕಡೆ ಕಣ್ಣಿಟ್ಟಿದ್ದೆ. ಹೆಲ್ಮೆಟ್ ತೆಗೆಯುವಾಗ ಅವಳ ಮುಖ ನಗುತ್ತಿತ್ತು. ಅದನ್ನು ನೋಡಿಯೇ ಓಡಿಹೋಗಿ ಗೇಟು ತೆರೆದೆ.

"ಎಲ್ಲಾ ಆರ್ಡರ್ ಸಿಕ್ಕಾವ್ರಿ. ಗೋಡೌನ್ ಬದಲಿ ಆಗೋ ಹೊತ್ತಿನ್ಯಾಗ ಬಂದಿದ್ದು ಹಳೇ ಊರಾಗೇ ಉಳ್ಕೊಂಡಿದ್ವಂತ. ಕಳಿಸ್ಲಿಕ್ಕೆ ಶುರು ಮಾಡ್ಯಾರ. ನಿಮ್ಮ ಆ ರೈಲ್ವೆ ಅಜ್ಜಂದು ಮೊದಲ ಹೋಗ್ತದ, ನಾ ಕೇಳಿ ಖಾತ್ರಿ ಮಾಡ್ಕೊಂಡೀನಿ. ಪ್ರತಿಯೊಬ್ರಿಗೂ ತಪ್ಪಾತು ಅಂತ ಬರೀತಾರ."

ಅವಳನ್ನು ಒಳಗೆ ಕರೆದು ಕೂರಿಸಿದೆ. ಅತ್ತೆ ತರಕಾರಿ ಉಪ್ಪಿಟ್ಟು ಮಾಡಿದ್ದರು. ಅವಳು ಮಾತಾಡುತ್ತಲೇ ಎರಡು ಸಲ ಹಾಕಿಸಿಕೊಂಡಳು. ಗದಗದ ಕಡೆಯವಳು. ಅಪ್ಪನಿಗೆ ಅಲ್ಲಿ ಬಟ್ಟೆ ಅಂಗಡಿ. ಆ ಇಂಗ್ಲಿಷ್ ಹೆಸರು ಕೆಲಸಕ್ಕೆ ಸೇರಿದ ದಿನ ಕುರ್ಚಿ, ಕಂಪ್ಯೂಟರಿನ ಜೊತೆಗೇ ಕೊಟ್ಟದ್ದಂತೆ. "ಮನಿಯಾಗ ಗೊತ್ತಾದ್ರ ಅವ್ವ ಬೈತಾಳ್ರಿ, ಹೆಸರಿಟ್ಟಾಕಿ ನಾನು, ಬದಲಿ ಮಾಡ್ಲಿಕ್ಕೆ ಅವ್ರು ಯಾರು ಅಂತ" ಎಂದಳು.

ಅತ್ತೆ ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, ಪಿಸುಗುಟ್ಟುತ್ತಿದ್ದೇನೆಂದು ತಿಳಿದು, ಬೀದಿಗೆಲ್ಲ ಕೇಳುವಂತೆ ಹೇಳಿದರು.

"ಒಳ್ಳೇ ಹುಡುಗಿ. ಆದ್ರೆ ಒಂದಕ್ಷರಾನೂ ಗೊತ್ತಾಗ್ತಿಲ್ಲ ಕಣೇ. ಇವಳ ಬಾಯಿ ಬೇರೆ ಥರ ಓಡುತ್ತೆ."

ಹುಡುಗಿ ಬಿದ್ದು ಬಿದ್ದು ನಕ್ಕಳು. ಅಂದು ಸಂಜೆಯೆಲ್ಲ ಅವಳು ಹೇಳಿದ್ದನ್ನು ನಾನು ನಮ್ಮ ಕಡೆಯ ಮಾತಿನಲ್ಲಿ ತುಟಿಯಾಡಿಸಿ ಅತ್ತೆಗೆ ಮುಟ್ಟಿಸಿದೆ. ಮುಂದೆ ಅವಳು ಭಾನುವಾರಗಳಲ್ಲಿ ಬರತೊಡಗಿದಳು. ಮನೆಯಿಂದ ಬಂದ ಜೋಳದ ಹಿಟ್ಟು ತಂದು ನಮ್ಮ ಒಲೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಅತ್ತೆ ನಿಧಾನಕ್ಕೆ ಅವಳ ಬಾಯಿಯನ್ನೂ ಕಲಿತರು, "ಅದ" ಮತ್ತು "ಐತಿ" ಎರಡೂ ಒಂದೇ ಎಂದು ನನಗೇ ತಿಳಿಸಿ ಹೇಳುವಷ್ಟು. ಮೇಳಗಳಿಗೆ ಆಮೇಲೂ ಕೆಲವು ವರ್ಷ ಹೋದೆವು, ಅತ್ತೆ ಮತ್ತು ನಾನು. ಅಲ್ಲಿನ ಯುವಕರಿಗೆ ಅತ್ತೆಯ ಪರಿಚಯವಾಗಿ, ಅವರು ಬರುವುದು ಕಂಡರೆ ಕುರ್ಚಿ ಹಾಕುತ್ತಿದ್ದರು. ಇವೆಲ್ಲ ನಂತರದ ಮಾತು.

ಅಂದಿನ ಸಂಜೆ ಸುದ್ದಿ ಬಂದಿದ್ದರೂ ನನ್ನ ಭಯ ಪೂರ್ತಿ ಹೋಗಿರಲಿಲ್ಲ. ಕಳಿಸುತ್ತೇವೆ ಎನ್ನುವುದು ಬೇರೆ, ತಲುಪುವುದು ಬೇರೆ. ರೈಲ್ವೆಯ ಮುದುಕರಿಗೆ ನಡೆದದ್ದನ್ನೆಲ್ಲ ಬರೆದು, ಇನ್ನು ಸ್ವಲ್ಪ ದಿನ ನೋಡಿ ಎಂದು ಕೇಳಿಕೊಂಡಿದ್ದೆ. ಆಗಲಿ ಎಂದು ಒಂದು ಸಾಲು ಬರೆದವರದು ಆಮೇಲೆ ಸುದ್ದಿಯಿಲ್ಲ. ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಕಂಪ್ಯೂಟರ್ ಹಾಕುತ್ತಿದ್ದೆ. ಬೇರೆಯವರ ಉತ್ತರಗಳು ಒಂದೊಂದಾಗಿ ಬಂದವು, ತಲುಪಿತು, ಸರಿಯಾಗಿದೆ ಎಂದು. ಅವರದು ಮಾತ್ರ ಇಲ್ಲ.

ಬಂದದ್ದು ಮಳೆ ಹಿಡಿದುಕೊಂಡಿದ್ದ ಒಂದು ಗುರುವಾರ. ಪೆಟ್ಟಿಗೆ ಬಂತು ಎಂದು ಬರೆದಿದ್ದರು. ಹೆಂಡತಿ ಅದನ್ನು ಹಾಕಿಕೊಳ್ಳಲು ಒಪ್ಪಲು ಕೆಲವು ದಿನ ಬೇಕಾಯಿತಂತೆ, ಅದಕ್ಕೇ ತಡ. ಹಾಕಿಕೊಂಡ ದಿನ ಮೊಮ್ಮಗಳು ಫೋನ್ ಮಾಡಿದಳು. ಅಜ್ಜಿ ರಿಸೀವರ್ ಹಿಡಿದು ಬಹಳ ಹೊತ್ತು ಕೂತಿದ್ದಳು, ಮಧ್ಯೆ ತಾವು ಏನೋ ಹೇಳಲು ಹೋದರೆ ಕೈಯೆತ್ತಿ ತಮ್ಮನ್ನು ಸುಮ್ಮನಿರಿಸಿದಳು ಎಂದು ಬರೆದಿದ್ದರು. ಮರುದಿನ ಬೆಳಿಗ್ಗೆ ಗಂಡನಿಗೆ ಅವಳು ಹೇಳಿದ ಮೊದಲ ಮಾತು, ನೀನು ಇಷ್ಟು ಜೋರಾಗಿ ಗೊರಕೆ ಹೊಡೆಯುತ್ತೀಯೆಂದು ನನಗೆ ಗೊತ್ತೇ ಇರಲಿಲ್ಲ ಎಂಬುದಂತೆ. ಇದಕ್ಕೆ ನೀವೇ ಹೊಣೆ, ಎಂದು ಅವರು ನನಗೆ ಬರೆದು ಮುಗಿಸಿದ್ದರು.

ಅದನ್ನು ಓದಿ ನಗುವೂ ಬಂತು, ಅಳುವೂ ಬಂತು. ಅತ್ತೆಯನ್ನು ಕರೆದುಕೊಂಡು ಬಂದು ಪರದೆಯ ಮುಂದೆ ಕೂರಿಸಿದೆ. ಕನ್ನಡಕ ಏರಿಸಿ ನಿಧಾನವಾಗಿ ಓದಿದರು. ಮುಗಿದ ಮೇಲೆ ನನ್ನ ಕೈ ಹಿಡಿದು ಎರಡು ಸಲ ತಟ್ಟಿದರು.

"ಊಟ ಮಾಡಿ ಮಲ್ಕೋ ಹೋಗು. ಮುಖ ನೋಡ್ಕೊಂಡಿದ್ದೀಯಾ?"

ಅಂದು ಮಧ್ಯಾಹ್ನ ಸಾರನ್ನ ಉಂಡು ಮಲಗಿದವಳಿಗೆ ಎಂಥ ನಿದ್ದೆ ಬಂತೆಂದರೆ, ವಾರಗಳಿಂದ ಬಾಕಿಯಿದ್ದದ್ದೆಲ್ಲ ಒಟ್ಟಿಗೇ ಬಂದ ಹಾಗೆ. ಕನಸಿಲ್ಲ, ಮಗ್ಗುಲು ಬದಲಿಸಿದ್ದೂ ನೆನಪಿಲ್ಲ. ಎದ್ದಾಗ ಮಳೆ ನಿಂತಿತ್ತು, ಬೀದಿಯ ದೀಪ ಹತ್ತುತ್ತಿತ್ತು. ಅತ್ತೆ ಎಲ್ಲೂ ಕಾಣಲಿಲ್ಲ. ಹುಡುಕಿಕೊಂಡು ಹೊರಗೆ ಬಂದರೆ, ಮುಂಬಾಗಿಲಿನ ಹೊರಗೆ, ಕಾಲಿಂಗ್ ಬೆಲ್ಲಿನ ಕೆಳಗೆ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು, ಗೇಟನ್ನೇ ನೋಡುತ್ತ ಕೂತಿದ್ದರು.

ಮುಂದೆ ಹೋಗಿ ನಿಂತು, "ಇಲ್ಲಿ ಯಾಕೆ ಕೂತಿದ್ದೀರಿ ಅತ್ತೆ, ಚಳಿಯಲ್ಲಿ?" ಎಂದೆ.

"ಕೊರಿಯರ್‌ನವನು ಬಂದಿದ್ದ, ಹಾಲಿನವನು ಬಂದಿದ್ದ, ಪಕ್ಕದ ಮನೆಯೋಳು ಬಂದಿದ್ಲು" ಎಂದರು. "ಯಾರಾದ್ರೂ ಬೆಲ್ ಒತ್ತಿದ್ರೆ ನಂಗೇನು ಕೇಳುತ್ಯೇ? ನಿಂಗೆ ಎಚ್ಚರ ಆಗ್ಬಿಡುತ್ತಲ್ಲ ಅಂತ ಕೂತೆ. ಒಬ್ಬರನ್ನೂ ಒತ್ತಕ್ಕೆ ಬಿಟ್ಟಿಲ್ಲ."